ಹುಟ್ಟಿದ ದಿನದ ತೂಕಕ್ಕೂ ಅರವತ್ತರ ಹೃದಯಕ್ಕೂ ಏನು ನಂಟು?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬ ಗಾದೆಯನ್ನು ನಾವು ಮಕ್ಕಳ ನಡತೆಯ ಬಗ್ಗೆ ಮಾತಾಡುವಾಗ ಬಳಸುತ್ತೇವೆ. ಆರೋಗ್ಯದ ವಿಷಯದಲ್ಲಿ ಈ ಮಾತು ಎಷ್ಟು ನಿಜ?

ಐವತ್ತರ ಆಸುಪಾಸಿನಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬಂತು, ಇಲ್ಲವೇ ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಾಯಿತು ಎಂದುಕೊಳ್ಳಿ. ನೆಂಟರಿಷ್ಟರು ಕೂಡಲೇ ಎರಡು ಕಾರಣಗಳಲ್ಲಿ ಒಂದನ್ನು ಹೇಳುತ್ತಾರೆ. 'ಅವರ ವಂಶದಲ್ಲೇ ಇದೆ' ಎನ್ನುವುದು ಒಂದು. 'ಊಟ ತಿಂಡಿಯಲ್ಲಿ ಹಿಡಿತ ಇರಲಿಲ್ಲ, ನಡೆದಾಡುವ ಅಭ್ಯಾಸವೂ ಇರಲಿಲ್ಲ' ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆದರೆ ಇವೆರಡರ ನಡುವೆ ಮೂರನೆಯ ಕಾರಣವೊಂದಿದೆ. ಅದು ನಾವು ತಾಯಿಯ ಹೊಟ್ಟೆಯಲ್ಲಿದ್ದ ಒಂಬತ್ತು ತಿಂಗಳು ಮತ್ತು ಹುಟ್ಟಿದ ನಂತರದ ಮೊದಲ ಕೆಲವು ವರ್ಷಗಳಿಗೆ ಸೇರಿದ್ದು. ಅದರ ಬಗ್ಗೆ ವಿಜ್ಞಾನಿಗಳು ಗಂಭೀರವಾಗಿ ಯೋಚಿಸಲು ಶುರುಮಾಡಿ ನಾಲ್ಕು ದಶಕಗಳಷ್ಟೇ ಆಗಿವೆ. ಈ ಕತೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಮೈಸೂರಿನಲ್ಲಿ.

ಹಳೆಯ ದಾಖಲೆ ಪುಸ್ತಕದಿಂದ ಶುರುವಾದ ಪ್ರಶ್ನೆ

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಎಂಬ ಪ್ರಾಂತ್ಯದಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಆರೋಗ್ಯ ಅಧಿಕಾರಿಯ ಉಸ್ತುವಾರಿಯಲ್ಲಿ ಒಂದು ಶಿಸ್ತಿನ ಕೆಲಸ ಶುರುವಾಯಿತು. ಸೂಲಗಿತ್ತಿಯರು ಪ್ರತಿ ಮಗುವಿನ ತೂಕವನ್ನು ಹುಟ್ಟಿದಾಗಲೇ ನೋಡಿ ಬರೆದಿಡಬೇಕು. ಆರೋಗ್ಯ ಕಾರ್ಯಕರ್ತೆಯರು ಮನೆಗೆ ಹೋಗಿ ಮಗುವಿನ ಬೆಳವಣಿಗೆ ನೋಡಬೇಕು, ಒಂದು ವರ್ಷ ತುಂಬಿದಾಗ ಮತ್ತೆ ತೂಗಬೇಕು. ನಮ್ಮ ಅಂಗನವಾಡಿ ಕಾರ್ಯಕರ್ತೆಯರೂ ಆಶಾ ಕಾರ್ಯಕರ್ತೆಯರೂ ಇಂದು ಮಾಡುವ ಕೆಲಸಕ್ಕೆ ಹೋಲುವಂಥದ್ದೇ ಇದು. ಈ ಲೆಕ್ಕವೆಲ್ಲ ದಪ್ಪ ದಪ್ಪ ಪುಸ್ತಕಗಳಲ್ಲಿ ಉಳಿದುಕೊಂಡಿತು.

ಬಹಳ ವರ್ಷಗಳ ನಂತರ ಸೌತಾಂಪ್ಟನ್ನಿನ ವೈದ್ಯ ವಿಜ್ಞಾನಿ ಡೇವಿಡ್ ಬಾರ್ಕರ್ ಈ ಪುಸ್ತಕಗಳನ್ನು ಹುಡುಕಿ ತೆಗೆದರು. ಅವರನ್ನು ಕಾಡುತ್ತಿದ್ದ ಒಂದು ಒಗಟು ಇತ್ತು. ಹೃದ್ರೋಗವನ್ನು ಎಲ್ಲರೂ ಸಿರಿವಂತಿಕೆಯ ಕಾಯಿಲೆ ಎನ್ನುತ್ತಿದ್ದರು. ಆದರೆ ಇಂಗ್ಲೆಂಡಿನಲ್ಲಿ ಹಿಂದೊಮ್ಮೆ ಹೆಚ್ಚು ಶಿಶುಗಳು ಸಾಯುತ್ತಿದ್ದ ಬಡ ಪ್ರದೇಶಗಳಲ್ಲೇ ದಶಕಗಳ ನಂತರ ಹೃದ್ರೋಗದ ಸಾವುಗಳೂ ಹೆಚ್ಚಾಗಿದ್ದವು. ಇದು ಹೇಗೆ?

1911 ಮತ್ತು 1930ರ ನಡುವೆ ಹುಟ್ಟಿದ 5,654 ಗಂಡಸರ ದಾಖಲೆಗಳನ್ನು ಅವರ ಮುಂದಿನ ಬದುಕಿನ ಮಾಹಿತಿಯೊಂದಿಗೆ ಹೊಂದಿಸಿ ನೋಡಿದಾಗ ಸಿಕ್ಕ ಉತ್ತರ 1989ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಮಗುವಾಗಿದ್ದಾಗ ಸುಮಾರು 8 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗುತ್ತಿದ್ದವರಲ್ಲಿ ಹೃದ್ರೋಗದ ಸಾವಿನ ಪ್ರಮಾಣ, 12 ಕಿಲೋಗಿಂತ ಹೆಚ್ಚು ತೂಗುತ್ತಿದ್ದವರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚಿತ್ತು. ಹುಟ್ಟಿದಾಗಿನ ತೂಕದಲ್ಲೂ ಇದೇ ಬಗೆಯ ನಂಟು ಕಂಡಿತು.

ಮೈಸೂರಿನ ಮಿಷನ್ ಆಸ್ಪತ್ರೆಯ ಕಡತಗಳು

ಇದು ಇಂಗ್ಲೆಂಡಿನ ಮಾತಾಯಿತು. ಬೇರೆ ಹವೆ, ಬೇರೆ ಊಟ, ಬೇರೆ ಜನ ಇರುವಲ್ಲಿ ಇದು ನಿಜವಾದೀತೇ? ಇದಕ್ಕೆ ಉತ್ತರ ಹುಡುಕಲು ಅಷ್ಟೇ ಹಳೆಯ, ಅಷ್ಟೇ ಶಿಸ್ತಿನ ಜನನ ದಾಖಲೆ ಬೇಕಿತ್ತು. ಅದು ಸಿಕ್ಕಿದ್ದು ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಹೆತ್ತ ತಾಯಿಯ ತೂಕವೂ ದಾಖಲಾಗಿತ್ತು.

ಸಂಶೋಧಕರು 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಆಸ್ಪತ್ರೆಯ ಸುತ್ತಮುತ್ತಲೇ ವಾಸವಾಗಿದ್ದ 517 ಮಂದಿಯನ್ನು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಈ ಪ್ರಮಾಣ ಶೇ 3. ನಲವತ್ತೈದು ದಾಟಿದವರಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿ ಕಂಡಿತು. ಹೃದ್ರೋಗ ಅತಿ ಹೆಚ್ಚು ಕಂಡದ್ದು, ತಾವೂ ಕಡಿಮೆ ತೂಕದಲ್ಲಿ ಹುಟ್ಟಿ, ತಾಯಿಯೂ ಬಸುರಿಯಾಗಿದ್ದಾಗ 45 ಕಿಲೋಗಿಂತ ಕಡಿಮೆ ತೂಗುತ್ತಿದ್ದವರಲ್ಲಿ. ಅಂಥವರಲ್ಲಿ ಐದರಲ್ಲಿ ಒಬ್ಬರಿಗೆ ಕಾಯಿಲೆ ಇತ್ತು.

ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದಾಗ ಮಾತ್ರ ಮೈಸೂರು ಬೇರೆಯದೇ ಕತೆ ಹೇಳಿತು. ಅಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡದ್ದು ಹುಟ್ಟುವಾಗ ಗಿಡ್ಡವಾಗಿ, ಆದರೆ ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿದ್ದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಅಂದರೆ 'ಕಡಿಮೆ ತೂಕ ಕೆಟ್ಟದ್ದು, ಹೆಚ್ಚು ತೂಕ ಒಳ್ಳೆಯದು' ಎಂಬ ಸುಲಭ ಸೂತ್ರ ನಡೆಯುವುದಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಹಸಿವಿನ ಚಳಿಗಾಲ ಕಲಿಸಿದ ಪಾಠ

ಇಂಥ ಅಧ್ಯಯನಗಳಿಗೆ ಒಂದು ನ್ಯಾಯವಾದ ಆಕ್ಷೇಪಣೆ ಇದೆ. ಬಡ ಮನೆಯಲ್ಲಿ ಸಣ್ಣದಾಗಿ ಹುಟ್ಟಿದ ಮಗು ಬಡತನದಲ್ಲೇ ಬೆಳೆಯುತ್ತದೆ. ಮುಂದೆ ಕಾಯಿಲೆ ಬಂದರೆ ಕಾರಣ ಗರ್ಭದ್ದೋ, ನಂತರದ ಐವತ್ತು ವರ್ಷಗಳದ್ದೋ? ಇನ್ನೊಂದು ತೊಡಕೂ ಇದೆ. ಕೆಲವು ಜೀನ್‌ಗಳು ಮಗುವಿನ ತೂಕವನ್ನೂ ತಗ್ಗಿಸುತ್ತವೆ, ಮುಂದೆ ಸಕ್ಕರೆ ಕಾಯಿಲೆಯ ಸಾಧ್ಯತೆಯನ್ನೂ ಹೆಚ್ಚಿಸುತ್ತವೆ.

ಇವನ್ನು ಬೇರ್ಪಡಿಸಲು ಬಸುರಿಯರನ್ನು ಬೇಕೆಂದೇ ಉಪವಾಸ ಕೆಡವಿ ಪ್ರಯೋಗ ಮಾಡಲಾಗದು. ಆದರೆ ಯುದ್ಧವೊಂದು ಆ ಕ್ರೂರ ಪ್ರಯೋಗವನ್ನು ತಾನೇ ಮಾಡಿಬಿಟ್ಟಿತ್ತು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಜರ್ಮನ್ ಪಡೆಗಳು ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಸಾಗಿಸುವುದನ್ನು ತಡೆದವು. 1944ರ ಕೊನೆಯಿಂದ 1945ರ ಮೇ ತಿಂಗಳಲ್ಲಿ ಬಿಡುಗಡೆಯಾಗುವವರೆಗೆ ಆಮ್‌ಸ್ಟರ್‌ಡ್ಯಾಂನಂಥ ನಗರಗಳಲ್ಲಿ ಒಬ್ಬರ ದಿನದ ಪಡಿತರ 400ರಿಂದ 800 ಕ್ಯಾಲೊರಿಗೆ ಇಳಿದಿತ್ತು. ಬಡವ ಬಲ್ಲಿದ ಎನ್ನದೆ ಎಲ್ಲರೂ ಹಸಿದರು. ಬಿಡುಗಡೆಯ ನಂತರ ಊಟ ಬೇಗನೆ ಮೊದಲಿನ ಸ್ಥಿತಿಗೆ ಬಂತು. ಹಾಗಾಗಿ ಹಸಿವಿಗೆ ಸ್ಪಷ್ಟವಾದ ಆರಂಭವೂ ಇತ್ತು, ಅಂತ್ಯವೂ ಇತ್ತು. ಗರ್ಭದ ಯಾವ ತಿಂಗಳಲ್ಲಿ ಮಗು ಹಸಿವಿಗೆ ಸಿಕ್ಕಿತ್ತು ಎಂದು ಲೆಕ್ಕ ಹಾಕಬಹುದಿತ್ತು.

ಆ ಮಕ್ಕಳನ್ನು ವಿಜ್ಞಾನಿಗಳು ದಶಕಗಳ ಕಾಲ ಗಮನಿಸಿದರು. ಗರ್ಭದ ಕೊನೆಯ ತಿಂಗಳುಗಳಲ್ಲಿ ಹಸಿವಿಗೆ ಸಿಕ್ಕವರು ಸಣ್ಣದಾಗಿ ಹುಟ್ಟಿದರು. ಮಧ್ಯವಯಸ್ಸಿನಲ್ಲಿ ಅವರ ದೇಹಕ್ಕೆ ರಕ್ತದ ಸಕ್ಕರೆಯನ್ನು ನಿಭಾಯಿಸುವುದು ಕಷ್ಟವಾಗಿತ್ತು. ಅಚ್ಚರಿ ತಂದದ್ದು ಗರ್ಭದ ಮೊದಲ ತಿಂಗಳುಗಳಲ್ಲಿ ಹಸಿವಿಗೆ ಸಿಕ್ಕ ಗುಂಪು. ತಾಯಿಗೆ ನಂತರ ಊಟ ಸಿಕ್ಕಿದ್ದರಿಂದ ಅವರ ತೂಕ ಹುಟ್ಟುವಾಗ ಸರಿಯಾಗಿಯೇ ಇತ್ತು. ಆದರೂ ಮುಂದೆ ಅವರಲ್ಲಿ ಹೃದ್ರೋಗ ಹೆಚ್ಚು ಕಂಡುಬಂತು.

ಇದರಿಂದ ಒಂದು ಮಾತು ಸ್ಪಷ್ಟವಾಯಿತು. ತೂಕ ಒಂದು ಸುಳಿವು ಅಷ್ಟೇ. ಒಳಗೆ ಏನು, ಯಾವಾಗ ಕಟ್ಟಲಾಯಿತು ಎಂಬುದು ಅದಕ್ಕಿಂತ ಮುಖ್ಯ.

ದೇಹ ಇದನ್ನೆಲ್ಲ ನೆನಪಿಡುವುದು ಹೇಗೆ?

ಮನೆ ಕಟ್ಟುವಾಗ ಅರ್ಧದಲ್ಲಿ ಹಣ ಸಾಲದೆ ಹೋದರೆ ನಾವೇನು ಮಾಡುತ್ತೇವೆ? ಅಡುಗೆಮನೆ, ಬಚ್ಚಲು, ಒಂದು ಕೋಣೆಯನ್ನು ಮೊದಲು ಮುಗಿಸಿ, ಉಳಿದದ್ದನ್ನು ಚಿಕ್ಕದಾಗಿಸುತ್ತೇವೆ. ಗರ್ಭದಲ್ಲಿರುವ ಮಗುವೂ ಹೀಗೆಯೇ. ಆಹಾರ ಕಡಿಮೆಯಾದಾಗ ಮೊದಲ ಪಾಲು ಮಿದುಳಿಗೆ ಹೋಗುತ್ತದೆ. ಕಿಡ್ನಿ, ಸ್ನಾಯು, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಮುಂತಾದವಕ್ಕೆ ಪಾಲು ಕಡಿಮೆಯಾಗುತ್ತದೆ.

ಕಿಡ್ನಿಯನ್ನೇ ನೋಡಿ. ರಕ್ತವನ್ನು ಸೋಸುವ ನೆಫ್ರಾನ್ ಎಂಬ ಪುಟ್ಟ ಘಟಕಗಳು ಒಂದೊಂದು ಕಿಡ್ನಿಯಲ್ಲೂ ಸರಾಸರಿ ಹತ್ತು ಲಕ್ಷದಷ್ಟು ಇರುತ್ತವೆ. ಆದರೆ ಒಬ್ಬರಿಂದ ಒಬ್ಬರಿಗೆ ಈ ಸಂಖ್ಯೆ ಬಹಳ ಬದಲಾಗುತ್ತದೆ. ಗರ್ಭದ ಸುಮಾರು 36ನೇ ವಾರದ ಹೊತ್ತಿಗೆ ಅವು ರೂಪುಗೊಳ್ಳುವುದು ನಿಂತುಹೋಗುತ್ತದೆ. ಆಮೇಲೆ ಎಷ್ಟೇ ಪೌಷ್ಟಿಕವಾಗಿ ಉಂಡರೂ ಹೊಸ ನೆಫ್ರಾನ್ ಹುಟ್ಟುವುದಿಲ್ಲ. ಸಣ್ಣದಾಗಿ ಹುಟ್ಟಿದ ಮಕ್ಕಳಲ್ಲಿ ಇವುಗಳ ಸಂಖ್ಯೆ ಕಡಿಮೆ ಇರುವ ಸಾಧ್ಯತೆ ಹೆಚ್ಚು. ಇರುವ ಕೆಲವೇ ಆಳುಗಳು ಇಡೀ ಹೊಲದ ಕೆಲಸ ಮಾಡಬೇಕಾದಾಗ ಬೇಗ ದಣಿಯುತ್ತಾರೆ. ಇಪ್ಪತ್ತರಲ್ಲಿ ಇದು ಗೊತ್ತಾಗುವುದಿಲ್ಲ. ಐವತ್ತರಲ್ಲಿ ಬಿಪಿಯ ರೂಪದಲ್ಲಿ ಕಾಣಿಸಿಕೊಳ್ಳಬಹುದು.

ಎರಡನೆಯದು ಜೀನ್‌ಗಳ ಮೇಲಿನ ಗುರುತುಗಳು. ಒಬ್ಬರ ಡಿಎನ್‌ಎಯಲ್ಲಿ ಬರೆದದ್ದು ಬದಲಾಗದಿದ್ದರೂ ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎಂದು ಹೇಳುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಅದರ ಮೇಲೆ ಅಂಟಿಕೊಳ್ಳುತ್ತವೆ, ಕಳಚಿಕೊಳ್ಳುತ್ತವೆ. ಪುಸ್ತಕದ ಅಕ್ಷರ ಅದೇ ಇದ್ದು, ಯಾರೋ ಪೆನ್ಸಿಲ್ಲಿನಲ್ಲಿ 'ಇದನ್ನು ಓದಿ', 'ಇದನ್ನು ಬಿಡಿ' ಎಂದು ಗುರುತು ಮಾಡಿದಂತೆ. ಹಸಿವಿನ ಚಳಿಗಾಲದಲ್ಲಿ ಗರ್ಭ ನಿಂತು ಹುಟ್ಟಿದವರನ್ನು ಅವರ ಸ್ವಂತ ಒಡಹುಟ್ಟಿದವರೊಂದಿಗೆ ಹೋಲಿಸಿ ನೋಡಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಮೇಲಿನ ಗುರುತುಗಳು ಆರು ದಶಕಗಳ ನಂತರವೂ ಬೇರೆಯಾಗಿದ್ದವು. ಇದು 2008ರಲ್ಲಿ ಪ್ರಕಟವಾದ ಸಂಗತಿ. ಆ ಗುರುತುಗಳಿಂದಲೇ ಕಾಯಿಲೆ ಬಂತು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಗರ್ಭದ ಅನುಭವ ಅಷ್ಟು ಕಾಲ ದೇಹದಲ್ಲಿ ಉಳಿಯಬಲ್ಲದು ಎಂಬುದಂತೂ ಖಚಿತವಾಯಿತು.

'ಗುಂಡುಗುಂಡಾದ ಮಗುವೇ ಆರೋಗ್ಯವಂತ ಮಗು' - ನಿಜವೇ?

ನಮ್ಮಲ್ಲಿ ಮಗುವನ್ನು ನೋಡಲು ಬಂದವರು ಮೊದಲು ಕೆನ್ನೆ ನೋಡುತ್ತಾರೆ. ತೆಳ್ಳಗಿದ್ದರೆ 'ಸರಿಯಾಗಿ ಹಾಲು ಸಾಲುತ್ತಿಲ್ಲವೇನೋ' ಎಂದು ತಾಯಿಯನ್ನು ಕೇಳಿ ಹೋಗುತ್ತಾರೆ.

ಪುಣೆಯ ಕೆಇಎಂ ಆಸ್ಪತ್ರೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳನ್ನು ಸೌತಾಂಪ್ಟನ್ನಿನ ಮಕ್ಕಳೊಂದಿಗೆ ಹೋಲಿಸಿದರು. ನಮ್ಮ ಮಕ್ಕಳ ಸರಾಸರಿ ತೂಕ ಸುಮಾರು 2.7 ಕಿಲೋ. ಇಂಗ್ಲೆಂಡಿನ ಮಕ್ಕಳದ್ದು ಸುಮಾರು 3.5 ಕಿಲೋ. ಆದರೆ ಎಲ್ಲ ಅಳತೆಗಳೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಸ್ನಾಯು ಮತ್ತು ಹೊಟ್ಟೆಯೊಳಗಿನ ಅಂಗಗಳು ಬಹಳ ಸಣ್ಣದಿದ್ದರೂ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚು ಕಡಿಮೆಯಾಗಿರಲಿಲ್ಲ. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ತೆಳ್ಳಗೆ ಕಾಣುವ ಭಾರತೀಯರಿಗೂ ಸಕ್ಕರೆ ಕಾಯಿಲೆ ಬರುವುದೇಕೆ ಎಂಬ ಹಳೆಯ ಪ್ರಶ್ನೆಗೆ ಇದು ಒಂದು ಮುಖ್ಯ ಸುಳಿವು.

ದೆಹಲಿಯ ಇನ್ನೊಂದು ಅಧ್ಯಯನ 1,492 ಮಂದಿಯ ಬೆಳವಣಿಗೆಯನ್ನು ಹುಟ್ಟಿನಿಂದ ಮೂವತ್ತರ ಆಸುಪಾಸಿನವರೆಗೆ ನೋಡಿತು. ಇಪ್ಪತ್ತಾರರಿಂದ ಮೂವತ್ತೆರಡರ ಎಳೆಯ ವಯಸ್ಸಿನಲ್ಲೇ ಅವರಲ್ಲಿ ಶೇ 4ಕ್ಕೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಇನ್ನೂ ಶೇ 11ರಷ್ಟು ಮಂದಿ ಅದರ ಹೊಸ್ತಿಲಲ್ಲಿದ್ದರು. ಇವರ ಬಾಲ್ಯ ಹೇಗಿತ್ತು? ಎರಡು ವರ್ಷದವರೆಗೆ ತೆಳ್ಳಗಿದ್ದು, ನಂತರ ವರ್ಷದಿಂದ ವರ್ಷಕ್ಕೆ ಓರಗೆಯವರನ್ನು ಮೀರಿ ದಪ್ಪವಾಗುತ್ತ ಹೋದವರು ಇವರು. ಹಾಗೆ ದಪ್ಪವಾಗುತ್ತಿದ್ದಾಗಲೂ ಹೆಚ್ಚಿನವರು ವೈದ್ಯರ ಲೆಕ್ಕದಲ್ಲಿ ಬೊಜ್ಜಿನ ಮಕ್ಕಳಾಗಿರಲಿಲ್ಲ. ಮನೆಯವರ ಕಣ್ಣಿಗೆ 'ಈಗ ಸ್ವಲ್ಪ ಮೈ ತುಂಬಿಕೊಂಡಿದ್ದಾನೆ' ಎನ್ನಿಸುವಂತಿದ್ದರು.

ಮಳೆ ಕಡಿಮೆ ಎಂದು ರಾಗಿ ಬಿತ್ತಿದ ಹೊಲಕ್ಕೆ ಕಾಲುವೆ ನೀರು ನುಗ್ಗಿದಂತೆ ಇದು. ಕಡಿಮೆಯಲ್ಲೇ ಬದುಕಲು ಗರ್ಭದಲ್ಲಿ ಸಿದ್ಧವಾದ ದೇಹಕ್ಕೆ ನಂತರ ಬಂದ ಹೇರಳತೆ ಹೊರೆಯಾಗುತ್ತದೆ. ಹಾಗೆಂದು ಸಣ್ಣದಾಗಿ ಹುಟ್ಟಿದ ಮಗುವಿಗೆ ಊಟ ಕಡಿಮೆ ಕೊಡಬೇಕು ಎಂದಲ್ಲ. ಮೊದಲ ಎರಡು ವರ್ಷಗಳಲ್ಲಿ ಸರಿಯಾಗಿ ಬೆಳೆಯುವುದು ಮಗುವಿನ ಜೀವಕ್ಕೂ ಮಿದುಳಿಗೂ ಬೇಕೇ ಬೇಕು. ಎಚ್ಚರ ಬೇಕಾದದ್ದು ಆಮೇಲೆ. 'ಹುಟ್ಟಿದಾಗ ಬಡಕಲಾಗಿತ್ತು ಪಾಪ' ಎಂಬ ಮರುಕದಿಂದ ಐದಾರು ವರ್ಷದ ಮಗುವಿಗೆ ದಿನವೂ ಬಿಸ್ಕೆಟ್, ಚಿಪ್ಸ್, ಸಿಹಿ ಪಾನೀಯ ಕೊಡುವುದರಲ್ಲಿ ಅಪಾಯವಿದೆ.

ತಾಯಿಯ ರಕ್ತದ ಸಕ್ಕರೆ

ಹಸಿವಿನಂತೆ ಹೆಚ್ಚಾದ ಸಕ್ಕರೆಯೂ ಗರ್ಭದಲ್ಲಿ ಗುರುತು ಬಿಡುತ್ತದೆ. ಇದನ್ನು ತಿಳಿಯಲು ಮತ್ತೆ ಮೈಸೂರಿನ ಅದೇ ಆಸ್ಪತ್ರೆಗೆ ಬರಬೇಕು. 1997-98ರಲ್ಲಿ ಅಲ್ಲಿ 830 ಬಸುರಿಯರಿಗೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿದಾಗ ಶೇ 6ರಷ್ಟು ಮಂದಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇತ್ತು. ಅವರಿಗೆ ಹುಟ್ಟಿದ ಮಕ್ಕಳನ್ನು ಜಿ. ವಿ. ಕೃಷ್ಣವೇಣಿ, ಇಂಗ್ಲೆಂಡಿನ ಕ್ಯಾರೋಲಿನ್ ಫಾಲ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಗಮನಿಸಿದರು. ಒಂದನೇ ವಯಸ್ಸಿನಲ್ಲಿ ಈ ಮಕ್ಕಳು ಉಳಿದವರಂತೆಯೇ ಇದ್ದರು. ಐದನೇ ವಯಸ್ಸಿಗೆ ಹೆಣ್ಣುಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚಿತ್ತು. ಒಂಬತ್ತೂವರೆ ವರ್ಷದ ಹೊತ್ತಿಗೆ ವ್ಯತ್ಯಾಸ ಇನ್ನೂ ಹಿಗ್ಗಿತ್ತು.

ಆ ಹುಡುಗಿಯರೇ ಮುಂದೆ ತಾಯಂದಿರಾಗುತ್ತಾರೆ. ಅವರ ಗರ್ಭದಲ್ಲೂ ಸಕ್ಕರೆ ಹೆಚ್ಚಿದರೆ ಚಕ್ರ ಮುಂದುವರಿಯುತ್ತದೆ. ಮೈಸೂರಿನ ಹಳೆಯ ದಾಖಲೆಗಳಲ್ಲಿ ಕಂಡ ದಪ್ಪ ಮಕ್ಕಳ ಒಗಟಿಗೂ ಸಂಶೋಧಕರು ಇದೇ ಉತ್ತರವನ್ನು ಮುಂದಿಟ್ಟಿದ್ದಾರೆ. ಅವರ ತಾಯಂದಿರಲ್ಲಿ ಕೆಲವರಿಗೆ ಆಗಲೇ ಸಕ್ಕರೆ ಹೆಚ್ಚಿದ್ದಿರಬಹುದು. ಆ ಕಾಲದಲ್ಲಿ ಪರೀಕ್ಷೆ ಮಾಡಿ ನೋಡಿದವರಿರಲಿಲ್ಲ.

ಸಕ್ಕರೆಯ ಬಗ್ಗೆ ಇನ್ನೊಂದು ಸಾಕ್ಷಿ 2024ರಲ್ಲಿ ಬಂತು. ಬ್ರಿಟನ್ನಿನಲ್ಲಿ ಯುದ್ಧಕಾಲದ ಸಕ್ಕರೆ ಪಡಿತರ 1953ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಜನ ಸಕ್ಕರೆ ತಿನ್ನುವುದು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಗರ್ಭದಿಂದ ಎರಡು ವರ್ಷದವರೆಗಿನ ಸಾವಿರ ದಿನಗಳನ್ನು ಪಡಿತರದ ಕಾಲದಲ್ಲಿ ಕಳೆದವರಲ್ಲಿ, ಸ್ವಲ್ಪ ತಡವಾಗಿ ಹುಟ್ಟಿದವರಿಗಿಂತ ಸಕ್ಕರೆ ಕಾಯಿಲೆಯ ಸಾಧ್ಯತೆ ಸುಮಾರು ಶೇ 35ರಷ್ಟು ಮತ್ತು ಬಿಪಿಯ ಸಾಧ್ಯತೆ ಸುಮಾರು ಶೇ 20ರಷ್ಟು ಕಡಿಮೆ ಇತ್ತು. ಅವರು ಹಸಿದಿರಲಿಲ್ಲ. ಸಿಹಿ ಮಾತ್ರ ಮಿತಿಯಲ್ಲಿತ್ತು.

ಊಟ ಮಾತ್ರವಲ್ಲ, ಅನುಭವವೂ

ಎಳವೆಯಲ್ಲಿ ಮನಸ್ಸಿಗೆ ಆದ ಪೆಟ್ಟೂ ದೇಹವನ್ನು ಮುಟ್ಟುತ್ತದೆ. ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರ ಬಾಲ್ಯದ ಬಗ್ಗೆ ವಿಚಾರಿಸಿದ್ದರು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ತಾಯಿಯ ಮೇಲೆ ಹಲ್ಲೆ, ಕುಡಿತ, ಮನೆಯವರ ಜೈಲುವಾಸ, ಇಂಥ ಅನುಭವಗಳ ಪಟ್ಟಿ ಮಾಡಿದ್ದರು. ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಅನುಭವಗಳಾಗಿದ್ದವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಿದ್ದವು. ಅನುಭವಗಳ ಎಣಿಕೆ ಏರಿದಂತೆ ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳೂ ಏರುತ್ತ ಹೋಗಿದ್ದವು.

ಸದಾ ಭಯದಲ್ಲಿ ಬೆಳೆಯುವ ಮಗುವಿನ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಮತ್ತೆ ಮತ್ತೆ ಏರುತ್ತವೆ. ಸಿಗರೇಟು, ಮದ್ಯ ಕ್ಷಣಿಕ ಸಮಾಧಾನ ಕೊಡುವುದರಿಂದ ಅವುಗಳಿಗೆ ಜೋತುಬೀಳುವುದೂ ಬೇಗ. ಹೊರಗಿನಿಂದ ನಾವು 'ಕೆಟ್ಟ ಅಭ್ಯಾಸ' ಎಂದು ಕರೆಯುವುದರ ಹಿಂದೆ ಎಷ್ಟೋ ಸಲ ಇಂಥ ಬಾಲ್ಯವಿರುತ್ತದೆ.

ಹಾಗಾದರೆ ಎಲ್ಲವೂ ಹಣೆಬರಹವೇ?

ಅಲ್ಲ. ಮೈಸೂರಿನ ಅಂಕಿಗಳನ್ನು ಮತ್ತೊಮ್ಮೆ ನೋಡಿ. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು ಎಂದರೆ ತಪಾಸಣೆಯ ಹೊತ್ತಿಗೆ ಶೇ 89 ಮಂದಿಗೆ ಇರಲಿಲ್ಲ. ಮೂರು ಕಿಲೋ ದಾಟಿ ಹುಟ್ಟಿದವರಿಗೂ ಪೂರ್ತಿ ರಕ್ಷಣೆ ಸಿಕ್ಕಿರಲಿಲ್ಲ. ಎಳವೆ ಬದಲಿಸುವುದು ಸಾಧ್ಯತೆಯನ್ನು. ಸಾವಿರಾರು ಮಂದಿಯ ಲೆಕ್ಕದಲ್ಲಿ ದೊಡ್ಡದಾಗಿ ಕಾಣುವ ವ್ಯತ್ಯಾಸದಿಂದ ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲಾಗದು.

ಮರವಾದ ಮೇಲೂ ಬಗ್ಗಿಸಬಹುದು ಎಂಬುದಕ್ಕೆ ಬಲವಾದ ಪುರಾವೆ ತಂಬಾಕಿನ ಅಧ್ಯಯನದಲ್ಲಿದೆ. ರಿಚರ್ಡ್ ಡಾಲ್ ಮತ್ತು ಸಂಗಡಿಗರು ಬ್ರಿಟನ್ನಿನ ವೈದ್ಯರನ್ನು 1951ರಿಂದ ಐವತ್ತು ವರ್ಷ ಹಿಂಬಾಲಿಸಿ ಬರೆದ ಲೆಕ್ಕ ಇದು: ಮೂವತ್ತರಲ್ಲಿ ಸಿಗರೇಟು ಬಿಟ್ಟವರು ಬಿಡದವರಿಗಿಂತ ಸರಾಸರಿ 10 ವರ್ಷ ಹೆಚ್ಚು ಬದುಕಿದರು. ನಲವತ್ತರಲ್ಲಿ ಬಿಟ್ಟವರು 9 ವರ್ಷ, ಐವತ್ತರಲ್ಲಿ ಬಿಟ್ಟವರು 6 ವರ್ಷ, ಅರವತ್ತರಲ್ಲಿ ಬಿಟ್ಟವರೂ 3 ವರ್ಷ ಗಳಿಸಿದರು. ಬೇಗ ಬಿಟ್ಟಷ್ಟೂ ಲಾಭ ಹೆಚ್ಚು. ಆದರೆ ತಡವಾಗಿ ಬಿಟ್ಟರೂ ಲಾಭವಿದೆ.

ನೀವು ಕಡಿಮೆ ತೂಕದಲ್ಲಿ ಹುಟ್ಟಿದ್ದಿರಿ ಎಂದು ಅಮ್ಮನೋ ಅಜ್ಜಿಯೋ ಹೇಳಿದ್ದರೆ ಅದನ್ನು ಮನೆತನದ ಕಾಯಿಲೆಯ ಚರಿತ್ರೆಯಂತೆ ಒಂದು ಮಾಹಿತಿಯಾಗಿ ಇಟ್ಟುಕೊಳ್ಳಿ. ವೈದ್ಯರಿಗೆ ತಿಳಿಸಿ. ಬಿಪಿ, ಸಕ್ಕರೆ ಪರೀಕ್ಷೆಯನ್ನು ತಡಮಾಡದೆ ಮಾಡಿಸಿಕೊಳ್ಳಿ. ಸೊಂಟದ ಸುತ್ತಳತೆಯ ಮೇಲೆ ಕಣ್ಣಿಡಿ. ನಡಿಗೆ ಮತ್ತು ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ನಿಮಗೆ ಉಳಿದವರಿಗಿಂತ ಹೆಚ್ಚು ಅಗತ್ಯ.

ತಪ್ಪು ತಾಯಿಯದ್ದೇ?

ಈ ವಿಜ್ಞಾನ ವಾಟ್ಸ್ಆ್ಯಪ್ ಸಂದೇಶಗಳಿಗೆ ಇಳಿದಾಗ 'ಗರ್ಭಿಣಿ ಹೀಗೆ ಮಾಡಿದರೆ ಮಗುವಿಗೆ ಹಾಗಾಗುತ್ತದೆ' ಎಂಬ ಬೆದರಿಕೆಯಾಗಿಬಿಡುತ್ತದೆ. ಮಗುವಿನ ಪ್ರತಿ ಕಾಯಿಲೆಗೂ ತಾಯಿಯನ್ನು ಕಟಕಟೆಗೆ ಏರಿಸುತ್ತದೆ. ಇದು ಅನ್ಯಾಯ ಮಾತ್ರವಲ್ಲ, ವಿಜ್ಞಾನ ಹೇಳುವುದೂ ಅದನ್ನಲ್ಲ.

ಮೈಸೂರಿನ ಆ 45 ಕಿಲೋ ತಾಯಂದಿರನ್ನು ನೆನೆಸಿಕೊಳ್ಳಿ. ಅವರ ತೂಕ ಬಸುರಿನ ಒಂಬತ್ತು ತಿಂಗಳಲ್ಲಿ ನಿರ್ಧಾರವಾದದ್ದಲ್ಲ. ಅದು ಅವರ ಸ್ವಂತ ಬಾಲ್ಯ, ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ, ಎಳೆಯ ವಯಸ್ಸಿನ ಮದುವೆ, ರಕ್ತಹೀನತೆ, ಎಡೆಬಿಡದ ದುಡಿಮೆಗಳ ಒಟ್ಟು ಮೊತ್ತ. ಒಬ್ಬರ ಅರವತ್ತರ ಹೃದಯದ ಕತೆ ಅವರ ಅಜ್ಜಿಯ ಮನೆಯ ಅಡುಗೆಮನೆಯಲ್ಲಿ ಶುರುವಾಗಿರಬಹುದು.

ಗರ್ಭ ನಿಂತ ಮೇಲೆ ಊಟ ಸುಧಾರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೂ ಮಿತಿಯಿದೆ. ಮುಂಬಯಿಯ ಕೊಳೆಗೇರಿಗಳಲ್ಲಿ ಮಹಿಳೆಯರಿಗೆ ಗರ್ಭ ನಿಲ್ಲುವ ಮೊದಲಿನಿಂದಲೇ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿನಿಸನ್ನು ದಿನವೂ ಕೊಟ್ಟು ನೋಡಿದ ದೊಡ್ಡ ಪ್ರಯೋಗವೊಂದಿದೆ. ಒಟ್ಟು ಲೆಕ್ಕದಲ್ಲಿ ಮಕ್ಕಳ ತೂಕ ಗಮನಾರ್ಹವಾಗಿ ಏರಲಿಲ್ಲ. ಮೊದಲೇ ತೀರಾ ಬಡಕಲಾಗಿದ್ದ ತಾಯಂದಿರ ಮಕ್ಕಳಿಗೆ ಪ್ರಯೋಜನ ಕಾಣಲಿಲ್ಲ. ಆದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಶೇ 12.4ರ ಬದಲು ಶೇ 7.3 ಮಂದಿಯಲ್ಲಿ ಮಾತ್ರ ಕಂಡಿತು. ಹಾಗಾಗಿ ಒಳ್ಳೆಯ ಊಟದಿಂದ ಫಲವಿದೆ, ಆದರೆ ಹುಡುಗಿಯಾಗಿದ್ದಾಗಿನಿಂದ ಕೂಡಿಬಂದ ಕೊರತೆಯನ್ನು ಕೆಲವು ತಿಂಗಳಲ್ಲಿ ತುಂಬಿಸುವುದು ಕಷ್ಟ.

ಆದ್ದರಿಂದಲೇ ಹೆಣ್ಣುಮಗುವಿನ ತಟ್ಟೆಯಲ್ಲಿ ಮೊಟ್ಟೆಯೋ ಬೇಳೆಯೋ ಸಮನಾಗಿ ಬೀಳುವುದು, ಶಾಲೆಯ ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಕೊಡಲು 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆ, ಇವೆಲ್ಲ ಮುಂದಿನ ತಲೆಮಾರಿನ ಹೃದಯ ಮತ್ತು ಕಿಡ್ನಿಗಳ ಚಿಕಿತ್ಸೆಯೂ ಹೌದು.

ಮನೆಮಾತುಗಳಲ್ಲಿ ಯಾವುದು ಸರಿ, ಯಾವುದು ತಪ್ಪು?

'ಬಸುರಿ ಇಬ್ಬರ ಊಟ ಮಾಡಬೇಕು': ತಪ್ಪು. ಸ್ವಲ್ಪ ಹೆಚ್ಚು ಊಟ ಬೇಕು, ಇಮ್ಮಡಿಯಲ್ಲ. ಪ್ರಮಾಣಕ್ಕಿಂತ ಬೇಳೆ, ಸೊಪ್ಪು, ಹಾಲು, ಮೊಟ್ಟೆ, ಹಣ್ಣುಗಳ ವೈವಿಧ್ಯ ಮುಖ್ಯ.

'ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ': ಈ ಭಯದಿಂದ ಊಟ ಕಡಿಮೆ ಮಾಡುವುದು ಅಪಾಯಕಾರಿ. ಮಗು ವಿಪರೀತ ದೊಡ್ಡದಾಗಲು ಮುಖ್ಯ ಕಾರಣಗಳಲ್ಲಿ ಒಂದು ಹತೋಟಿಯಿಲ್ಲದ ಸಕ್ಕರೆ ಕಾಯಿಲೆ. ಅದಕ್ಕೆ ಪರಿಹಾರ ಪರೀಕ್ಷೆ ಮತ್ತು ಚಿಕಿತ್ಸೆ.

'ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ': ಸುಳ್ಳು. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಬಹುಶಃ ಈ ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ನಾಲ್ಕನೇ ತಿಂಗಳಿನಿಂದ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಳ್ಳಬೇಕು ಎಂಬುದು ಸರ್ಕಾರಿ ಸಲಹೆ.

'ಮಗುವಿನ ಊಟಕ್ಕೆ ಸ್ವಲ್ಪ ಸಕ್ಕರೆ ಇರಲಿ, ಇಲ್ಲದಿದ್ದರೆ ತಿನ್ನುವುದಿಲ್ಲ': ಬೇಡ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು. ಆಮೇಲೆ ಎದೆಹಾಲಿನ ಜೊತೆ ಮನೆಯ ಊಟ. ರಾಗಿ ಸರಿ, ಬೇಳೆ ಅನ್ನ, ಹಣ್ಣಿನ ಸಹಜ ರುಚಿ ಮಗುವಿಗೆ ಹಿಡಿಸಲು ಕೆಲವು ದಿನ ಬೇಕು, ಅಷ್ಟೇ.

'ಬಸುರಿನ ಸಕ್ಕರೆ ಕಾಯಿಲೆ ಹೆರಿಗೆಯೊಂದಿಗೆ ಮುಗಿಯಿತು': ಅರ್ಧ ಸತ್ಯ. ಸಕ್ಕರೆ ಮಟ್ಟ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಅಂಥ ತಾಯಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಹೆರಿಗೆಯಾದ ಒಂದೂವರೆ ತಿಂಗಳ ಆಸುಪಾಸಿನಲ್ಲಿ ಒಮ್ಮೆ, ನಂತರ ನಿಯಮಿತವಾಗಿ ಪರೀಕ್ಷೆ ಮಾಡಿಸಬೇಕು.

ಕೊನೆಯದಾಗಿ, ನಿಮ್ಮ ಮನೆಯಲ್ಲಿ ತಾಯಿ ಕಾರ್ಡ್ ಇದ್ದರೆ ಮಗುವಿಗೆ ಲಸಿಕೆ ಮುಗಿಯಿತೆಂದು ಎಸೆಯಬೇಡಿ. ಅದರಲ್ಲಿ ಬರೆದಿರುವ ತೂಕ, ತಾಯಿಯ ಬಿಪಿ, ರಕ್ತದ ಪರೀಕ್ಷೆಯ ಅಂಕಿಗಳು ಮಗು ದೊಡ್ಡದಾದ ಮೇಲೆ ಅದರ ವೈದ್ಯರಿಗೆ ಬೇಕಾಗಬಹುದು. ಮೈಸೂರಿನಲ್ಲಿ ತೊಂಬತ್ತು ವರ್ಷಗಳ ಹಿಂದೆ ಯಾರೋ ಒಬ್ಬ ನರ್ಸ್ ರಾತ್ರಿ ಪಾಳಿಯಲ್ಲಿ ಮಗುವನ್ನು ತೂಗಿ, ಬೇಸರಿಸದೆ ಬರೆದಿಟ್ಟದ್ದರಿಂದಲೇ ಇಷ್ಟೆಲ್ಲ ನಮಗೆ ಗೊತ್ತಾಯಿತು.